ಸೆನ್ಸರ್ ಬದಲಿಸುವ ಮುಂಚೆ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿದೆ. ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿ ನೋಡಿದರೆ ಪಿ0118 ಅಂತ ಒಂದು ಕೋಡ್. ಪಕ್ಕದಲ್ಲೇ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಟೆಂಪರೇಚರ್ ಸೆನ್ಸರ್ ಸರ್ಕ್ಯೂಟ್, ಹೈ ಎಂಬ ವಿವರ. ಇನ್ನೇನು, ಸೆನ್ಸರ್ ಹೋಗಿದೆ, ಹೊಸದು ಹಾಕಿದರೆ ಆಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹೊಸ ಸೆನ್ಸರ್ ಬರುತ್ತದೆ, ದುಡ್ಡು ಹೋಗುತ್ತದೆ, ಸ್ವಲ್ಪ ದಿನಕ್ಕೆ ಅದೇ ದೀಪ ಮತ್ತೆ ಹತ್ತುತ್ತದೆ. ಇಷ್ಟು ಒಳ್ಳೆಯ ಮಾಹಿತಿ ಕೈಯಲ್ಲಿದ್ದೂ ಹೀಗೆ ದುಡ್ಡು ಪೋಲಾಗುವುದು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಎಂಜಿನ್ ಕಂಪ್ಯೂಟರಿಗೆ ಸೆನ್ಸರ್ ಕಾಣುವುದೇ ಇಲ್ಲ. ಅದಕ್ಕೆ ಗೊತ್ತಾಗುವುದು ತನ್ನ ಪಿನ್ನಿನಲ್ಲಿ ಎಷ್ಟು ವೋಲ್ಟೇಜ್ ಇದೆ ಅನ್ನುವುದಷ್ಟೇ. ಸೆನ್ಸರ್, ಎರಡು ವೈರ್, ಅವುಗಳ ಕನೆಕ್ಟರ್, ಕಂಪ್ಯೂಟರಿನ ಒಳಗಿನ ಭಾಗ, ಇದೆಲ್ಲ ಸೇರಿ ಒಂದು ಸರ್ಕ್ಯೂಟ್. ಇದರಲ್ಲಿ ಎಲ್ಲಿ ತುಂಡಾದರೂ ಬರುವ ಕೋಡ್ ಒಂದೇ.

ಕೂಲಂಟ್ ಸೆನ್ಸರಿನ ಕೆಲಸ ಸರಳ. ಬಿಸಿ ಏರಿದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ಕಂಪ್ಯೂಟರ್ ತನ್ನೊಳಗಿನ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕಳಿಸಿ, ಸೆನ್ಸರ್ ಅದನ್ನು ಎಷ್ಟು ಕೆಳಗೆ ಎಳೆಯಿತು ಅಂತ ನೋಡುತ್ತದೆ. ಎಂಜಿನ್ ತಣ್ಣಗಿದ್ದರೆ ವೋಲ್ಟೇಜ್ ಜಾಸ್ತಿ, ಬಿಸಿಯಾದರೆ ಕಮ್ಮಿ. ಹಾಗಾಗಿ ಇಲ್ಲಿ ಹೈ ಅಂದರೆ ಎಂಜಿನ್ ಕಾದಿದೆ ಅಂತಲ್ಲ, ವೋಲ್ಟೇಜ್ ಮೇಲಿದೆ ಅಂತ. ವೈರ್ ತುಂಡಾದರೆ ಎಳೆಯುವವರೇ ಇಲ್ಲದೆ 5 ವೋಲ್ಟ್ ಪೂರ್ತಿ ನಿಂತುಬಿಡುತ್ತದೆ. ಕಂಪ್ಯೂಟರ್ ಅದನ್ನು ಸಾಮಾನ್ಯವಾಗಿ ಮೈನಸ್ 40 ಡಿಗ್ರಿ ಸೆಲ್ಸಿಯಸ್ ಎಂದು ಓದುತ್ತದೆ.

ಈಗ ಸೆನ್ಸರಿನ ಕನೆಕ್ಟರ್ ಬಿಚ್ಚಿ. ವೈರಿಂಗ್ ಕಡೆಯ ಎರಡು ಪಿನ್‌ಗಳನ್ನು ಒಂದು ತುಂಡು ವೈರಿನಿಂದ ಸೇರಿಸಿ, ಸ್ಕ್ಯಾನರಿನಲ್ಲಿ ಟೆಂಪರೇಚರ್ ನೋಡಿ. ಅಂಕಿ ಮೈನಸ್ 40ರಿಂದ ಜಿಗಿದು ತೀರಾ ಮೇಲಕ್ಕೆ ಹೋಯಿತಾ? ಹಾಗಾದರೆ ವೈರಿಂಗೂ ಸರಿ, ಕಂಪ್ಯೂಟರೂ ಸರಿ. ಉಳಿದದ್ದು ಸೆನ್ಸರ್, ಇಲ್ಲವೇ ಕನೆಕ್ಟರಿನ ಪಿನ್ ಸಡಿಲ. ಅಂಕಿ ಅಲ್ಲಾಡಲೇ ಇಲ್ಲವಾ? ಆಗ ಎಷ್ಟು ಹೊಸ ಸೆನ್ಸರ್ ಹಾಕಿದರೂ ಉಪಯೋಗವಿಲ್ಲ, ವೈರಿಂಗ್ ಹುಡುಕಬೇಕು. ಕೆಲವು ಕಾರುಗಳಲ್ಲಿ ಕೋಡ್ ಬಂದ ಮೇಲೆ ಕಂಪ್ಯೂಟರ್ ಬದಲಿ ಅಂಕಿಯೊಂದನ್ನು ತೋರಿಸುತ್ತದೆ. ಅಲ್ಲಿ ಮಲ್ಟಿಮೀಟರಿನಲ್ಲಿ ವೋಲ್ಟೇಜನ್ನೇ ಅಳೆಯಬೇಕು. ಇನ್ನೊಂದು ಮಾತು: ಪಿನ್ ಸೇರಿಸುವ ಈ ಪರೀಕ್ಷೆ ಎರಡು ವೈರಿನ ಟೆಂಪರೇಚರ್ ಸೆನ್ಸರಿಗೆ ಮಾತ್ರ. ಬೇರೆ ಕಡೆ ಮಾಡಿದರೆ ಇರುವುದೂ ಸುಟ್ಟುಹೋಗಬಹುದು.

ಈ ಕೋಡ್‌ಗಳೆಲ್ಲ ಹುಟ್ಟಿದ್ದೇ ಹೊಗೆಯ ಮೇಲೆ ಕಣ್ಣಿಡಲು. ಅಮೆರಿಕದಲ್ಲಿ 1996ರ ಮಾಡೆಲ್‌ಗಳಿಂದ ಒಬಿಡಿ-2 ಎಂಬ, ಕಾರು ತನ್ನ ದೋಷ ತಾನೇ ಪತ್ತೆಹಚ್ಚುವ ವ್ಯವಸ್ಥೆ ಕಡ್ಡಾಯವಾಯಿತು. ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಲ್ಲಿ ಇಂಥದೇ ನಿಯಮ ಬಂತು. ಸ್ಕ್ಯಾನರ್ ಸಿಕ್ಕಿಸುವ 16 ಪಿನ್ನಿನ ಸಾಕೆಟ್ ಎಲ್ಲ ಕಡೆ ಒಂದೇ ಥರ ಇರುವುದು ಅದರಿಂದಲೇ. ಕೋಡಿನ ಮೊದಲ ಅಕ್ಷರ ಪಿ ಇದ್ದರೆ ಎಂಜಿನ್ ಮತ್ತು ಗೇರ್‌ಬಾಕ್ಸ್, ಸಿ ಇದ್ದರೆ ಬ್ರೇಕ್, ಸ್ಟಿಯರಿಂಗ್ ಕಡೆ, ಬಿ ಇದ್ದರೆ ಬಾಡಿ. ಯು ಇದ್ದರೆ ಮಾಡ್ಯೂಲ್‌ಗಳ, ಅಂದರೆ ಕಾರಿನೊಳಗಿನ ಚಿಕ್ಕ ಕಂಪ್ಯೂಟರ್‌ಗಳ ನಡುವಿನ ಮಾತುಕತೆಯಲ್ಲಿ ತೊಂದರೆ.

ಯು ಕೋಡ್ ಕಂಡರೆ ಒಳ್ಳೊಳ್ಳೆಯ ಮೆಕ್ಯಾನಿಕ್‌ಗಳೂ ಗಲಿಬಿಲಿಯಾಗುತ್ತಾರೆ. ಈಗಿನ ಕಾರಿನಲ್ಲಿ ಎಂಜಿನ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಸ್ಟಿಯರಿಂಗ್, ಏರ್‌ಬ್ಯಾಗ್, ಪ್ರತಿಯೊಂದಕ್ಕೂ ಬೇರೆ ಮಾಡ್ಯೂಲ್. ಇವು ಸಾಮಾನ್ಯವಾಗಿ ಕ್ಯಾನ್ ಎಂಬ ಎರಡು ವೈರಿನ ಜಾಲದಲ್ಲಿ ಮಾತಾಡಿಕೊಳ್ಳುತ್ತವೆ. ಬಾಷ್ ಕಂಪನಿ ಇದನ್ನು 1986ರಲ್ಲಿ ಹೊರತಂದಿತು. ಯು0121 ಅಂದರೆ ಎಬಿಎಸ್ ಮಾಡ್ಯೂಲಿನ ಸದ್ದಿಲ್ಲ ಅಂತ. ಇಲ್ಲಿ ಮೊದಲು ನೋಡಬೇಕಾದದ್ದು ಈ ದೂರು ಯಾವ ಮಾಡ್ಯೂಲ್‌ನಲ್ಲಿ ದಾಖಲಾಗಿದೆ ಅನ್ನುವುದನ್ನು. ಎಲ್ಲರೂ ಎಬಿಎಸ್ ಕಡೆಗೇ ಬೆರಳು ತೋರಿಸಿದರೆ ಅದರ ಫ್ಯೂಸ್, ಪವರ್, ಅರ್ಥ್ ನೋಡಿ. ಒಂದೇ ಮಾಡ್ಯೂಲ್ ಉಳಿದವರ ಮೇಲೆಲ್ಲ ದೂರುತ್ತಿದ್ದರೆ ಕಿವುಡಾಗಿರುವುದು ಬಹುಶಃ ಅದೇ.

ಜಾಲವೇ ಮಲಗಿದ್ದರೆ ಸುಲಭದ ಒಂದು ಅಳತೆ ಇದೆ. ಬ್ಯಾಟರಿ ಕಳಚಿ, ಸಾಕೆಟ್ಟಿನ 6 ಮತ್ತು 14ನೇ ಪಿನ್‌ಗಳ ನಡುವೆ ರೆಸಿಸ್ಟೆನ್ಸ್ ಅಳೆಯಿರಿ. ಜಾಲದ ಎರಡು ತುದಿಯಲ್ಲೂ 120 ಓಮ್‌ನ ರೆಸಿಸ್ಟರ್ ಇರುತ್ತದೆ, ಹಾಗಾಗಿ 60 ಓಮ್ ಬರಬೇಕು. 120 ಬಂದರೆ ಒಂದು ತುದಿ ಕಳಚಿಕೊಂಡಿದೆ. ಸೊನ್ನೆಯ ಹತ್ತಿರ ಬಂದರೆ ಎರಡೂ ವೈರ್ ಒಂದಕ್ಕೊಂದು ತಾಗಿಕೊಂಡಿವೆ. ನಡುವೆ ಗೇಟ್‌ವೇ ಮಾಡ್ಯೂಲ್ (ಸಾಕೆಟ್ ಮತ್ತು ಒಳಗಿನ ಜಾಲಗಳ ನಡುವೆ ಬಾಗಿಲು ಕಾಯುವ ಮಾಡ್ಯೂಲ್) ಇರುವ ಕಾರುಗಳಲ್ಲಿ ಮಾತ್ರ ಸಾಕೆಟ್ಟಿನಿಂದ ಒಳಗಿನ ಜಾಲಗಳು ಕಾಣುವುದಿಲ್ಲ. ಅಲ್ಲಿ ವೈರಿಂಗ್ ನಕ್ಷೆ ಬೇಕೇ ಬೇಕು.

ಒಂದೇ ಸಲ ಹತ್ತಾರು ಕೋಡ್ ಬಂದರೆ ಹತ್ತಾರು ಮಾಡ್ಯೂಲ್ ಕೆಟ್ಟಿವೆ ಅಂತ ಹೆದರಬೇಕಿಲ್ಲ. ಬ್ಯಾಟರಿ ಸೋತಿದ್ದರೆ ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ಕುಸಿದು ಮಾಡ್ಯೂಲ್‌ಗಳು ಕ್ಷಣ ಹೊತ್ತು ಬಾಯಿ ಮುಚ್ಚುತ್ತವೆ, ಒಂದರ ಮೇಲೊಂದು ದೂರುತ್ತವೆ. ಅರ್ಥ್ ವೈರ್ ತುಕ್ಕು ಹಿಡಿದರೂ ಇದೇ ಪಾಡು. ಇದನ್ನು ಓಮ್‌ನಲ್ಲಿ ಅಳೆದರೆ ಮೋಸ ಹೋಗುತ್ತೀರಿ. ವೈರಿನ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ಎಲ್ಲ ಸರಿ ಅನ್ನುತ್ತದೆ, ಕರೆಂಟ್ ಹೊರುವಷ್ಟು ಶಕ್ತಿ ಮಾತ್ರ ಅದಕ್ಕಿರುವುದಿಲ್ಲ. ಮಾಡ್ಯೂಲ್ ಕೆಲಸ ಮಾಡುತ್ತಿರುವಾಗ ಅದರ ಅರ್ಥ್ ಪಿನ್ನಿನಿಂದ ಬ್ಯಾಟರಿ ನೆಗೆಟಿವ್‌ವರೆಗೆ ವೋಲ್ಟೇಜ್ ಅಳೆಯಬೇಕು. ಅಲ್ಲಿ ಅರ್ಧ ವೋಲ್ಟ್ ಕಂಡರೆ ಕಳ್ಳ ಸಿಕ್ಕಿದ ಹಾಗೆ.

ಎಂಜಿನ್ ದೀಪ ಮಿನುಗುತ್ತಿದ್ದರೆ ಮಾತ್ರ ತಡಮಾಡಬೇಡಿ. ಸಿಲಿಂಡರ್ ಮಿಸ್ ಹೊಡೆದು, ಸುಡದ ಇಂಧನ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನು ಹಾಳುಮಾಡುತ್ತಿದೆ ಅನ್ನುವ ಸೂಚನೆ ಅದು.

ಸ್ಕ್ಯಾನರ್ ಹಾಕಿದ ತಕ್ಷಣ ಕೋಡ್ ಅಳಿಸುವುದಂತೂ ಬೇಡವೇ ಬೇಡ. ಕೋಡ್ ದಾಖಲಾದ ಕ್ಷಣದಲ್ಲಿ ಎಂಜಿನ್ ವೇಗ, ಲೋಡ್, ಟೆಂಪರೇಚರ್ ಎಷ್ಟಿತ್ತು ಎಂಬುದನ್ನು ಕಂಪ್ಯೂಟರ್ ಫ್ರೀಜ್ ಫ್ರೇಮ್ ಆಗಿ ಉಳಿಸಿಕೊಂಡಿರುತ್ತದೆ. ಅಪರೂಪಕ್ಕೆ ಬಂದು ಹೋಗುವ ತೊಂದರೆಗೆ ಇದಕ್ಕಿಂತ ಒಳ್ಳೆಯ ಸುಳಿವು ಸಿಗುವುದಿಲ್ಲ, ಅಳಿಸಿದರೆ ಅದೂ ಹೋಗುತ್ತದೆ. ಮೊದಲು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಈಚಿನ ಅನೇಕ ಕಾರುಗಳಲ್ಲಿ ಪರ್ಮನೆಂಟ್ ಕೋಡ್ ಅಂತಲೂ ಇರುತ್ತದೆ. ಅದನ್ನು ಸ್ಕ್ಯಾನರಿನಿಂದ ಅಳಿಸಲು ಆಗುವುದಿಲ್ಲ, ಬ್ಯಾಟರಿ ಕಳಚಿದರೂ ಹೋಗುವುದಿಲ್ಲ. ರಿಪೇರಿ ಆದ ಮೇಲೆ ಕಾರು ಓಡುತ್ತಿರುವಾಗ ಕಂಪ್ಯೂಟರ್ ತಾನೇ ಆ ಕೋಡಿಗೆ ಸಂಬಂಧಿಸಿದ ಪರೀಕ್ಷೆಯನ್ನು ಮತ್ತೆ ನಡೆಸಿ, ಎಲ್ಲ ಸರಿ ಅನ್ನಿಸಿದಾಗಲೇ ಅದನ್ನು ತೆಗೆದುಹಾಕುತ್ತದೆ.