ಹಳೆಯ ಗ್ಲಾಕ್ ಕೊಟ್ಟು ಹೊಸದನ್ನು ಕೊಳ್ಳಬೇಕೇ?

ಪ್ರಶ್ನೆ: ನನ್ನ ಬಳಿ ಮೂರನೇ ತಲೆಮಾರಿನ ಗ್ಲಾಕ್ 17 ಪಿಸ್ತೂಲು ಇದೆ. ಇದುವರೆಗೆ ಏನೂ ತೊಂದರೆ ಕೊಟ್ಟಿಲ್ಲ. ಆದರೆ ಐದನೇ ತಲೆಮಾರಿನದು ಎಲ್ಲ ರೀತಿಯಲ್ಲೂ ಮೇಲು ಎಂದು ಕೇಳಿದವರೆಲ್ಲ ಹೇಳುತ್ತಾರೆ. ಹಳೆಯದನ್ನು ಕೊಟ್ಟು ಹೊಸದನ್ನು ತೆಗೆದುಕೊಳ್ಳಲೇ?

ಉತ್ತರಕ್ಕೆ ಮುಂಚೆ ಒಂದು ಮರುಪ್ರಶ್ನೆ: ನೀವು ಎಡಚರೇ? ಹೌದಾದರೆ ಹೆಚ್ಚು ಯೋಚಿಸಬೇಡಿ, ಹೊಸದನ್ನೇ ಕೊಳ್ಳಿ. ಮೂರನೇ ತಲೆಮಾರಿನ ಪಿಸ್ತೂಲು ಬಲಗೈಯವರಿಗೆಂದೇ ಹುಟ್ಟಿದ್ದು. ಮ್ಯಾಗಜೀನನ್ನು (ಹಿಡಿಯೊಳಗೆ ಕೂರುವ ಗುಂಡಿನ ಪೆಟ್ಟಿಗೆ) ಬಿಡಿಸುವ ಗುಂಡಿಯೂ ಸ್ಲೈಡನ್ನು (ಹಿಂದೆ ಮುಂದೆ ಸರಿಯುವ ಮೇಲ್ಭಾಗ) ತಡೆದು ನಿಲ್ಲಿಸುವ ಲಿವರೂ ಎಡಬದಿಯಲ್ಲಿ, ಬಲಗೈ ಹೆಬ್ಬೆರಳಿಗೆ ಎಟುಕುವಂತೆ ಕೂತಿವೆ. ಎಡಗೈಯವರು ತೋರುಬೆರಳನ್ನು ಹಿಂದಕ್ಕೆ ಮಡಚಿಕೊಂಡು ಹೇಗೋ ನಿಭಾಯಿಸಬೇಕಿತ್ತು. 2010ರಲ್ಲಿ ಬಂದ ನಾಲ್ಕನೇ ತಲೆಮಾರಿನಲ್ಲಿ ಆ ಗುಂಡಿಯನ್ನು ಬಿಚ್ಚಿ ಬಲಬದಿಗೆ ಕೂರಿಸಿಕೊಳ್ಳುವ ಅನುಕೂಲವಾಯಿತು. 2017ರ ಐದನೆಯದರಲ್ಲಿ ಲಿವರ್ ಎರಡೂ ಬದಿಗೆ ಬಂತು.

ಬಲಗೈಯವರಾಗಿದ್ದರೆ ಲೆಕ್ಕಾಚಾರ ಇಷ್ಟು ಸಲೀಸಲ್ಲ.

ಹೊಸ ಮಾದರಿ ಎಂದಕೂಡಲೇ ಹಳೆಯದರ ಮೇಲೆ ಇನ್ನಷ್ಟು ಸೇರಿಸಿದ್ದಾರೆ ಎಂದುಕೊಳ್ಳುತ್ತೇವೆ. ಐದನೇ ತಲೆಮಾರಿನ ಗ್ಲಾಕ್‌ನಲ್ಲಿ ನನಗೆ ಹಿಡಿಸಿದ್ದು ಸೇರಿಸಿದ್ದಲ್ಲ, ಕಿತ್ತುಹಾಕಿದ್ದು. ನಿಮ್ಮ ಪಿಸ್ತೂಲಿನ ಹಿಡಿಯ ಮುಂಭಾಗವನ್ನು ಒಮ್ಮೆ ನೋಡಿ. ಬೆರಳುಗಳು ಕೂರಲೆಂದು ತಗ್ಗುಗಳು, ಅವುಗಳ ನಡುವೆ ಏಣುಗಳು ಇವೆ. ಯಾರದೋ ಕೈಯ ಅಳತೆಗೆ ಅಚ್ಚು ಹೊಯ್ದದ್ದು ಅದು. ಅಳತೆ ಹೊಂದಿದವರಿಗೆ ಕೈಗವಸಿನ ಹಾಗೆ ಕೂರುತ್ತದೆ. ದಪ್ಪ ಬೆರಳಿನವರಿಗಾದರೋ ಏಣು ಸರಿಯಾಗಿ ಬೆರಳಿನ ನಡುಗೆಣ್ಣಿಗೇ ಬಂದು ಒತ್ತುತ್ತದೆ. ನೂರು ಗುಂಡು ಹಾರಿಸುವಷ್ಟರಲ್ಲಿ ಅಲ್ಲಿ ಕೆಂಪಗೆ ಗುರುತು ಬಿದ್ದಿರುತ್ತದೆ. 1982ರಲ್ಲಿ ಆಸ್ಟ್ರಿಯಾದ ಸೇನೆ ಒಪ್ಪಿಕೊಂಡ ಮೊದಲ ಗ್ಲಾಕ್‌ನಲ್ಲಿ ಈ ತಗ್ಗುಗಳು ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಮೂರನೆಯದರಲ್ಲಿ ಬಂದವು, ನಾಲ್ಕನೆಯದರಲ್ಲಿ ಉಳಿದವು, ಐದನೆಯದರಲ್ಲಿ ಹೋದವು. ಟ್ರಿಗರನ್ನು ಹಿಡಿದಿಡುವ ಪಿನ್ನಿನ ಮೇಲ್ಗಡೆ ಸೇರಿಸಿದ್ದ ಇನ್ನೊಂದು ಪಿನ್ನಿನ ಕಥೆಯೂ ಇದೇ: ಬಂತು, ಇತ್ತು, ಹೋಯಿತು. ಹಾಗೆ ನೋಡಿದರೆ ಐದನೇ ತಲೆಮಾರಿನದು ನಿಮ್ಮ ಪಿಸ್ತೂಲಿಗಿಂತ ಎರಡನೇ ತಲೆಮಾರಿನದಕ್ಕೇ ಹತ್ತಿರದ ನೆಂಟ.

ಆದ್ದರಿಂದ ಎರಡನ್ನೂ ಖಾಲಿ ಮಾಡಿಸಿ, ಕೈಯಲ್ಲಿ ಹಿಡಿದು ನೋಡದೆ ತೀರ್ಮಾನಕ್ಕೆ ಬರಬೇಡಿ. ಹಿಡಿ ದಪ್ಪವಾಯಿತೋ ತೆಳುವಾಯಿತೋ ಎಂಬುದಕ್ಕೆ ನಾಲ್ಕನೇ ತಲೆಮಾರಿನಿಂದ ಪರಿಹಾರವಿದೆ. ಹಿಂಬದಿಗೆ ಸಿಕ್ಕಿಸುವ ಬೇರೆ ಬೇರೆ ಗಾತ್ರದ ತುಂಡುಗಳು ಜೊತೆಗೇ ಬರುತ್ತವೆ. ಮೂರನೆಯದರಲ್ಲಿ ಆ ಸೌಕರ್ಯವಿಲ್ಲ.

ಇನ್ನು ಒಳಗಿನ ಸಂಗತಿ. ಸ್ಲೈಡ್ ಬಿಚ್ಚಿದರೆ ಬ್ಯಾರಲ್ (ಗುಂಡು ಹಾಯುವ ನಳಿಗೆ) ಕೆಳಗೆ ನಿಮ್ಮದರಲ್ಲಿ ಒಂದೇ ಸ್ಪ್ರಿಂಗ್ ಕಾಣುತ್ತದೆ. ನಾಲ್ಕನೆಯದರಿಂದ ಈಚೆಗೆ ಒಂದರೊಳಗೆ ಒಂದು ಸೇರಿಸಿದ ಜೋಡಿ ಸ್ಪ್ರಿಂಗ್. ಒದೆತ ತುಸು ಮೆತ್ತಗಾಗುತ್ತದೆ, ಸ್ಪ್ರಿಂಗ್ ಹೆಚ್ಚು ಬಾಳುತ್ತದೆ ಎಂಬುದು ಇದರ ಹಿಂದಿನ ಉದ್ದೇಶ. ಗಿಡ್ಡ ಗಾತ್ರದ ಗ್ಲಾಕ್ 26ರಲ್ಲಿ ಜೋಡಿ ಸ್ಪ್ರಿಂಗ್ 1990ರ ದಶಕದಲ್ಲೇ ಇತ್ತು. ಕಂಪನಿಗೆ ಹೊಸ ವಿದ್ಯೆಯೇನೂ ಅಲ್ಲ. ಆದರೂ ದೊಡ್ಡ ಮಾದರಿಗೆ ಅದನ್ನು ತಂದಾಗ ಲೆಕ್ಕ ತಪ್ಪಿತು. ನಾಲ್ಕನೇ ತಲೆಮಾರಿನ ಮೊದಮೊದಲ ಪಿಸ್ತೂಲುಗಳಲ್ಲಿ ಕೆಲವು ಖಾಲಿ ತೋಟಾವನ್ನು ಸರಿಯಾಗಿ ಹೊರಗೆ ಎಸೆಯಲಿಲ್ಲ ಎಂಬ ದೂರುಗಳು ಬಂದವು. 2011ರಲ್ಲಿ ಕಂಪನಿ ಬೇರೆ ಸ್ಪ್ರಿಂಗ್ ಕೊಟ್ಟು ಬದಲಾಯಿಸಿಕೊಡಬೇಕಾಯಿತು. ತೊಡಕು ಅಲ್ಲಿಗೆ ಬಗೆಹರಿಯಿತು, 2013ರಲ್ಲಿ ಬ್ರಿಟಿಷ್ ಸೇನೆ ಹಳೆಯ ಬ್ರೌನಿಂಗ್ ಪಿಸ್ತೂಲನ್ನು ಬಿಟ್ಟು ಆರಿಸಿಕೊಂಡದ್ದು ಇದೇ ನಾಲ್ಕನೇ ತಲೆಮಾರಿನ ಗ್ಲಾಕ್ 17ನ್ನು. ಹೊಸ ವಿನ್ಯಾಸ ಬಂದ ಮೊದಲ ವರ್ಷವೇ ಕೊಳ್ಳಲು ಓಡುವವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ, ಅದಕ್ಕೆ ಈ ಪ್ರಸಂಗವೇ ಕಾರಣ. ಐದನೆಯದರ ಮಟ್ಟಿಗೆ ಆ ಆತಂಕ ಈಗಿಲ್ಲ. 2020ರಲ್ಲಿ ಫ್ರೆಂಚ್ ಸೇನೆಯೂ ಅದನ್ನೇ ಒಪ್ಪಿಕೊಂಡಿದೆ.

ಗುರಿ ಹೆಚ್ಚು ನಿಖರವೇ? ಐದನೆಯದರ ಬ್ಯಾರಲ್ ಬೇರೆ, ಒಳಗಿನ ಸುರುಳಿ ಗೀರುಗಳೂ ಬೇರೆ, ಕೂರುವುದೂ ಬಿಗಿಯಾಗಿ. ಮರಳಿನ ಚೀಲದ ಮೇಲೆ ಪಿಸ್ತೂಲನ್ನು ಊರಿ ನಿಧಾನವಾಗಿ ಹೊಡೆದರೆ ವ್ಯತ್ಯಾಸ ಕಾಣಿಸಬಹುದು. ಎರಡು ಕಾಲ ಮೇಲೆ ನಿಂತು, ಕೈ ಚಾಚಿ ಹೊಡೆಯುವ ನಮ್ಮಂಥವರ ನಡುಕ ಆ ಕೂದಲೆಳೆಯ ವ್ಯತ್ಯಾಸವನ್ನು ನುಂಗಿಹಾಕುತ್ತದೆ. ಬ್ಯಾರಲ್ ಕಾರಣಕ್ಕೆ ಪಿಸ್ತೂಲನ್ನೇ ಬದಲಾಯಿಸುವ ದುಡ್ಡಿದ್ದರೆ ಅದರಲ್ಲಿ ಗುಂಡು ಕೊಂಡು ಅಭ್ಯಾಸ ಮಾಡಿ. ಸ್ಲೈಡಿನ ಹೊಸ ಲೇಪ, ಮ್ಯಾಗಜೀನ್ ತೂರಿಸಲು ಬಾಯಿ ಅಗಲಿಸಿದ ಹಿಡಿ, ಇವೆಲ್ಲ ಇದ್ದರೆ ಒಳ್ಳೆಯದು. ಇಲ್ಲವೆಂದು ಯಾರೂ ಕೊರಗುವುದಿಲ್ಲ. ಗುರಿ ಹಿಡಿಯಲು ಕೆಂಪು ಚುಕ್ಕೆ ತೋರಿಸುವ ಸೈಟ್ ಕೂರಿಸುವ ಆಸೆಯಿದ್ದರೆ ಮಾತ್ರ ಬೇರೆ ಮಾತು. ಅದಕ್ಕೆಂದೇ ಸ್ಲೈಡಿನಲ್ಲಿ ಜಾಗ ಕೊರೆದ ಮಾದರಿಗಳು ಐದನೇ ತಲೆಮಾರಿನಲ್ಲಿ ಸಿಗುತ್ತವೆ. ನಿಮ್ಮದಕ್ಕಾದರೆ ಸ್ಲೈಡನ್ನು ಕೊರೆಯಿಸಬೇಕು.

ಬದಲಾಗದೆ ಉಳಿದದ್ದನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಾಮಾನ್ಯವಾಗಿ ಸಿಗುವ ಗ್ಲಾಕ್‌ಗೆ ಅಂದೂ ಹೆಬ್ಬೆರಳಿನಿಂದ ಒತ್ತುವ ಸೇಫ್ಟಿ (ಬೇಡದಾಗ ಗುಂಡು ಹಾರದಂತೆ ತಡೆಯುವ ಏರ್ಪಾಡು) ಇರಲಿಲ್ಲ, ಇಂದೂ ಇಲ್ಲ. ಸೇಫ್ಟಿ ಮೂರಿವೆ, ಆದರೆ ಟ್ರಿಗರ್ ಒತ್ತಿದರೆ ಮೂರೂ ಒಂದಾದಮೇಲೊಂದರಂತೆ ದಾರಿ ಬಿಡುತ್ತವೆ. ಇನ್ನೂ ಮುಖ್ಯವಾದದ್ದು: ಸ್ವಚ್ಛ ಮಾಡಲು ಸ್ಲೈಡ್ ಬಿಚ್ಚಬೇಕಾದರೆ ಈ ಐದೂ ತಲೆಮಾರುಗಳಲ್ಲಿ ಮೊದಲು ಟ್ರಿಗರ್ ಒತ್ತಲೇಬೇಕು. ಮ್ಯಾಗಜೀನ್ ತೆಗೆದೆ, ಇನ್ನೇನು ಖಾಲಿ ಎಂದುಕೊಂಡು ಚೇಂಬರಿನಲ್ಲಿ (ಬ್ಯಾರಲ್ಲಿನ ಹಿಂತುದಿಯ ಗುಂಡಿನ ಗೂಡು) ಉಳಿದ ಒಂದು ಗುಂಡನ್ನು ಮರೆತವರು ಗೋಡೆಗೆ ತೂತು ಮಾಡಿದ್ದಾರೆ, ಕೆಲವರು ಕೈಗೆ ಮಾಡಿಕೊಂಡಿದ್ದಾರೆ. ಸ್ಲೈಡ್ ಹಿಂದಕ್ಕೆಳೆದು ಕಣ್ಣಿನಿಂದ ನೋಡಿ, ಕಿರುಬೆರಳು ತೂರಿಸಿ ಮುಟ್ಟಿ ನೋಡುವ ಅಭ್ಯಾಸಕ್ಕೆ ಹೊಸ ಮಾದರಿಯಲ್ಲೂ ಬದಲಿ ಇಲ್ಲ.

"ಮೂರನೆಯದೇ ನಿಜವಾದ ಗ್ಲಾಕ್, ಅದಕ್ಕೇ ಇನ್ನೂ ಅಷ್ಟೊಂದು ಮಾರಾಟ" ಎಂಬ ಮಾತು ಕೇಳಿರಬಹುದು. ಅದರಲ್ಲಿ ಅಭಿಮಾನದ ಪಾಲಿಗಿಂತ ಕಾನೂನಿನ ಪಾಲು ದೊಡ್ಡದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರದ ಪಟ್ಟಿಯಲ್ಲಿರುವ ಮಾದರಿಗಳನ್ನಷ್ಟೇ ಅಂಗಡಿಯವರು ಜನಸಾಮಾನ್ಯರಿಗೆ ಹೊಸದಾಗಿ ಮಾರಬಹುದಿತ್ತು. ಪಟ್ಟಿ ಸೇರುವ ಷರತ್ತುಗಳು ಬಿಗಿಯಾಗಿ ನಾಲ್ಕನೆಯದೂ ಐದನೆಯದೂ ಹೊರಗುಳಿದವು. ಮೂರನೆಯದು ಮೊದಲೇ ಒಳಗಿತ್ತು, ವರ್ಷಗಟ್ಟಲೆ ಅದೇ ಮಾರಾಟವಾಯಿತು. ಅದರ ಪರವಾಗಿ ಹೇಳಬಹುದಾದ ಗಟ್ಟಿ ಮಾತು ಬೇರೆಯೇ ಇದೆ: ಬೇರೆ ಕಂಪನಿಗಳು ಮಾಡಿದ ಬಿಡಿಭಾಗಗಳು ಅದಕ್ಕೆ ಸಿಗುವಷ್ಟು ಧಾರಾಳವಾಗಿ ಇನ್ನಾವುದಕ್ಕೂ ಸಿಗುವುದಿಲ್ಲ, ಗ್ಲಾಕ್ ಹೋಲುವ ಪಿಸ್ತೂಲು ಮಾಡುವವರಲ್ಲಿ ಹೆಚ್ಚಿನವರು ಮಾದರಿಯಾಗಿ ಹಿಡಿದದ್ದೂ ಅದನ್ನೇ.

ಹಾಗಾಗಿ ನನ್ನ ಸಲಹೆ: ನೀವು ಬಲಗೈಯವರು, ಬೆರಳಿನ ತಗ್ಗುಗಳು ಕೈಗೆ ಒಗ್ಗಿವೆ, ಕೆಂಪು ಚುಕ್ಕೆಯ ಹುಚ್ಚು ಇಲ್ಲ ಎಂದಾದರೆ ಇರುವುದನ್ನೇ ಇಟ್ಟುಕೊಳ್ಳಿ, ಹಳೆಯ ಸ್ಪ್ರಿಂಗ್ ತೆಗೆದು ಹೊಸದು ಹಾಕಿಸಿ. ಮೊದಲ ಸಲ ಕೊಳ್ಳುವವರು ಕೇಳಿದ್ದರೆ ಐದನೆಯದನ್ನೇ ಹೇಳುತ್ತಿದ್ದೆ. ನೀವು ಕೊಂಡರೂ ಹಳೆಯ ಬ್ಯಾರಲ್ ಹೊಸದಕ್ಕೆ ಆಗುತ್ತದೆ ಎಂದು ಎತ್ತಿಡಬೇಡಿ, ಹೊಂದುವುದಿಲ್ಲ. ಹೋಲ್‌ಸ್ಟರ್ (ಪಿಸ್ತೂಲಿನ ಒರೆ) ಬಲಬದಿಯ ಲಿವರಿಗೆ ತಾಗುತ್ತದೆಯೇ ನೋಡಿಕೊಳ್ಳಿ. ಮ್ಯಾಗಜೀನ್‌ಗಳನ್ನು ಮಾತ್ರ ಯಾರಿಗೂ ಕೊಡಬೇಡಿ: ಗುಂಡಿಯನ್ನು ಎಡಬದಿಯಲ್ಲೇ ಬಿಟ್ಟರೆ ಅವು ಹೊಸದರಲ್ಲೂ ನಡೆಯುತ್ತವೆ.