ವಿಂಡೋಸ್‌ನಲ್ಲಿ ಕೆಟ್ಟ ಯೂಸರ್ ಪ್ರೊಫೈಲ್: ಎರಡು ಎಸ್‌ಐಡಿಗಳ ಗೊಂದಲ ಬಿಡಿಸಿಕೊಳ್ಳುವುದು

ಲಾಗಿನ್ ಆದ ಕೂಡಲೇ ಡೆಸ್ಕ್‌ಟಾಪ್ ಖಾಲಿ, ಹಾಕಿದ್ದ ವಾಲ್‌ಪೇಪರ್ ಇಲ್ಲ, ಜೊತೆಗೆ ಟೆಂಪರರಿ ಪ್ರೊಫೈಲ್ ಎಂಬ ಸೂಚನೆ. ಫೈಲುಗಳೆಲ್ಲ ಅಳಿಸಿಹೋದವು ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಅವು ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರಿನಡಿ ಹಾಗೇ ಇರುತ್ತವೆ. ಆ ಫೋಲ್ಡರನ್ನು ಪ್ರೊಫೈಲಾಗಿ ತೆರೆಯಲಾಗದ್ದಕ್ಕೆ ವಿಂಡೋಸ್ ‘ಟೆಂಪ್’ ಎಂಬ ತಾತ್ಕಾಲಿಕ ಫೋಲ್ಡರ್ ಕೊಟ್ಟಿರುತ್ತದೆ. ಅಲ್ಲಿನ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್‌ಗಳಲ್ಲಿ ಏನು ಸೇವ್ ಮಾಡಿದರೂ ಸೈನ್ ಔಟ್ ಆದೊಡನೆ ಹೋಗುತ್ತದೆ.

ಮೊದಲ ಕೆಲಸ, ಹಳೆಯ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ಕಾಪಿ ಮಾಡುವುದು. ಆಮೇಲೆ ಉಳಿದದ್ದು.

ಯಾವ ದಾರಿ ಎಂದು ತಿಳಿಯಲು

ವಿಂಡೋಸಿನ ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗಿನ ಅಪ್ಲಿಕೇಶನ್‌ನಲ್ಲಿ ಯೂಸರ್ ಪ್ರೊಫೈಲ್ಸ್ ಸರ್ವಿಸ್ ಬರೆದ ಸಾಲುಗಳನ್ನು ಹುಡುಕಿ. ಈವೆಂಟ್ ಐಡಿ 1511 ಎಂದರೆ ಪ್ರೊಫೈಲ್ ಸಿಗಲಿಲ್ಲ, ತಾತ್ಕಾಲಿಕದ್ದನ್ನು ಕೊಟ್ಟಿದೆ. 1515 ಎಂದರೆ ಹಳೆಯದನ್ನು ಬ್ಯಾಕಪ್ ಎಂದು ಪಕ್ಕಕ್ಕಿಟ್ಟಿದೆ. ಇವೆರಡೇ ಇದ್ದರೆ ಕೆಳಗಿನ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ದಾಖಲೆ) ದಾರಿ ಸಾಕಾಗುವ ಸಾಧ್ಯತೆ ಹೆಚ್ಚು. 1508 ಅಥವಾ 1502 ಕೂಡ ಇದ್ದು, ರಿಜಿಸ್ಟ್ರಿ ಕೆಲಸದ ನಂತರವೂ ಮರುಕಳಿಸಿದರೆ ಅನುಮಾನ ಎನ್‌ಟಿಯೂಸರ್ ಡಾಟ್ ಡ್ಯಾಟ್ ಎಂಬ ಅಡಗಿಸಿಟ್ಟ ಫೈಲಿನ ಮೇಲೆ. ನಿಮ್ಮ ಖಾತೆಯ ರಿಜಿಸ್ಟ್ರಿ ಭಾಗದ ಬಹುಪಾಲು ಇರುವುದು ಅದರಲ್ಲೇ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಇದಕ್ಕೆ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಕೆಡಬಹುದು. ಡಿಸ್ಕ್ ಹಾಳಾಗುತ್ತಿದ್ದರೂ ಅಷ್ಟೇ.

ರಿಜಿಸ್ಟ್ರಿ: ಎಲ್ಲರೂ ಎಡವುವ ಜಾಗ

ಸಾಧ್ಯವಾದರೆ ಇನ್ನೊಂದು ಅಡ್ಮಿನ್ ಖಾತೆಯಿಂದ ಮಾಡಿ. ರಿಜಿಸ್ಟ್ರಿ ತಿದ್ದುವ ರೆಜ್‌ಎಡಿಟ್‌ನಲ್ಲಿ (regedit) ಲೋಕಲ್ ಮಷಿನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್ ವರ್ಷನ್, ಪ್ರೊಫೈಲ್‌ಲಿಸ್ಟ್ ಹೀಗೆ ಒಳಗಿಳಿಯಿರಿ. ಏನನ್ನೂ ಮುಟ್ಟುವ ಮುಂಚೆ ಪ್ರೊಫೈಲ್‌ಲಿಸ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಕೊಟ್ಟುಬಿಡಿ.

ಎಸ್-1-5-18, 19, 20 ಇವು ವ್ಯವಸ್ಥೆಯವು, ಬಿಟ್ಟುಬಿಡಿ. ನಮಗೆ ಬೇಕಾದದ್ದು ಎಸ್-1-5-21 ಎಂದು ಶುರುವಾಗಿ ಸಾಮಾನ್ಯವಾಗಿ 1001, 1002ರಂತೆ ಮುಗಿಯುವ ಉದ್ದನೆಯ ಸಂಖ್ಯೆ. ಪ್ರತಿ ಖಾತೆಗೂ ವಿಂಡೋಸ್ ಕೊಡುವ ಈ ಗುರುತಿನ ಸಂಖ್ಯೆಯೇ ಎಸ್‌ಐಡಿ. ಕೆಟ್ಟ ಖಾತೆಯೊಳಗೆ ಕಮಾಂಡ್ ಪ್ರಾಂಪ್ಟ್ ತೆರೆದು ‘ಹೂಆಮ್‌ಐ /ಯೂಸರ್’ (whoami /user) ಕೊಟ್ಟರೆ ನಿಮ್ಮದು ಯಾವುದೆಂದು ಕಾಣುತ್ತದೆ.

ಈಗ ಅದೇ ಸಂಖ್ಯೆ ಎರಡು ಸಲ ಇರುತ್ತದೆ. ಒಂದು ಬರೀ ಸಂಖ್ಯೆ, ಇನ್ನೊಂದರ ಬಾಲಕ್ಕೆ ಡಾಟ್ ಬಿಎಕೆ. ಬಾಲವಿರುವುದನ್ನು ಬೇಡದ ನಕಲು ಎಂದುಕೊಂಡು ಡಿಲೀಟ್ ಮಾಡುವವರೇ ಹೆಚ್ಚು. ವಾಸ್ತವ ತಿರುಗುಮುರುಗು: ಬಾಲವಿರುವುದೇ ನಿಮ್ಮ ನಿಜವಾದ ಪ್ರೊಫೈಲ್, ಬರೀ ಸಂಖ್ಯೆಯದು ತಾತ್ಕಾಲಿಕ. ಹೆಸರನ್ನು ನಂಬದೆ ಎರಡರಲ್ಲೂ ಪ್ರೊಫೈಲ್‌ಇಮೇಜ್‌ಪಾತ್ ನೋಡಿ. ಟೆಂಪ್ ಎಂದು ತೋರಿಸುವುದು ತಾತ್ಕಾಲಿಕ; ನಿಮ್ಮ ಹಳೆಯ ಫೋಲ್ಡರ್ ತೋರಿಸುವುದು ಅಸಲಿ.

ಮಾಡುವ ಕ್ರಮವೂ ಮುಖ್ಯ. ಮೊದಲೇ ಡಾಟ್ ಬಿಎಕೆ ತೆಗೆಯಲು ಹೋದರೆ ಆ ಹೆಸರಿನದು ಆಗಲೇ ಇದೆ ಎಂದು ರೆಜ್‌ಎಡಿಟ್ ಒಪ್ಪುವುದಿಲ್ಲ. ಆದ್ದರಿಂದ:

1. ಬರೀ ಸಂಖ್ಯೆಯದನ್ನು ಆರಿಸಿ, ಎಫ್2 ಒತ್ತಿ, ಕೊನೆಗೆ ಡಾಟ್ ಓಎಲ್‌ಡಿ ಸೇರಿಸಿ.
2. ಜಾಗ ಖಾಲಿಯಾಯಿತು. ಈಗ ಇನ್ನೊಂದರ ಡಾಟ್ ಬಿಎಕೆ ಅಳಿಸಿ.
3. ಅದರೊಳಗೆ ಸ್ಟೇಟ್ ಎಂಬುದರ ಬೆಲೆ 0 ಮಾಡಿ. ರೆಫ್‌ಕೌಂಟ್ ಇದ್ದರೆ ಅದೂ 0. ಇಲ್ಲದಿದ್ದರೆ ಹೊಸದಾಗಿ ಸೇರಿಸಬೇಕಿಲ್ಲ.
4. ರೀಸ್ಟಾರ್ಟ್ ಕೊಡಿ. ಶಟ್‌ಡೌನ್ ಬೇಡ, ಫಾಸ್ಟ್ ಸ್ಟಾರ್ಟಪ್ ಇದ್ದರೆ ಅದು ಪೂರ್ತಿ ಹೊಸ ಬೂಟ್ ಆಗುವುದಿಲ್ಲ.

ಸ್ಟೇಟ್ ಬದಲಿಸುವುದನ್ನು ಮರೆತರೆ ಮತ್ತೆ ತಾತ್ಕಾಲಿಕ ಪ್ರೊಫೈಲೇ ಬರಬಹುದು. ಡಾಟ್ ಬಿಎಕೆ ಒಂದೇ ಇದ್ದರೆ 1ನೆಯ ಹೆಜ್ಜೆ ಬೇಡ. ಬರೀ ಸಂಖ್ಯೆ ಒಂದೇ ಇದ್ದರೆ ಪಾತ್‌ನ ಹೆಸರಿಗೂ ಫೋಲ್ಡರಿನ ಹೆಸರಿಗೂ ಅಕ್ಷರ ಅಕ್ಷರ ಹೋಲಿಸಿ: ಯಾರಾದರೂ ಯೂಸರ್ಸ್ ಒಳಗೆ ಫೋಲ್ಡರಿನ ಹೆಸರು ಬದಲಿಸಿದ್ದರೆ ಹೀಗಾಗುತ್ತದೆ. ಡಾಟ್ ಓಎಲ್‌ಡಿಯನ್ನು ಲಾಗಿನ್ ಸರಿಯಾದ ಮೇಲೆಯೇ ಅಳಿಸಿ.

ಅದೂ ಆಗದಿದ್ದರೆ ಹೊಸ ಖಾತೆ

ಡಿಸ್ಕಿನ ದೋಷ ಹುಡುಕುವ ಚೆಕ್‌ಡಿಸ್ಕ್ ಒಮ್ಮೆ ಓಡಿಸಿ, ಸೆಟ್ಟಿಂಗ್ಸ್‌ನಲ್ಲಿ ಹೊಸ ಖಾತೆ ಮಾಡಿ, ಫೋಲ್ಡರ್ ಹುಟ್ಟಲೆಂದು ಒಂದು ಸಲ ಲಾಗಿನ್ ಆಗಿ. ಆಮೇಲೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್, ಡೆಸ್ಕ್‌ಟಾಪ್ ಕಾಪಿ ಮಾಡಿ. ಎನ್‌ಟಿಯೂಸರ್ ಎಂದು ಶುರುವಾಗುವ ಯಾವ ಫೈಲನ್ನೂ ತರಬೇಡಿ. ರೋಗವೂ ಜೊತೆಗೆ ಬರುತ್ತದೆ. ಪ್ರೋಗ್ರಾಮುಗಳು ತಮ್ಮ ಮಾಹಿತಿ ಇಡುವ ಆಪ್‌ಡೇಟಾ ಫೋಲ್ಡರನ್ನೂ ಇಡಿಯಾಗಿ ಎಳೆಯಬಾರದು.

ಆದರೆ ಆಪ್‌ಡೇಟಾದಲ್ಲಿ ಎರಡು ಸಂಗತಿ ಗಮನಿಸಬೇಕು. ಕ್ರೋಮ್‌ನ ಬುಕ್‌ಮಾರ್ಕ್ಸ್ ಫೈಲ್ ಕಾಪಿ ಮಾಡಿದರೆ ಕೆಲಸ ಮಾಡುತ್ತದೆ, ಪಾಸ್‌ವರ್ಡುಗಳು ಮಾಡುವುದಿಲ್ಲ: ಅವುಗಳ ಬೀಗದ ಕೀ ಹಳೆಯ ಖಾತೆಗೆ ಕಟ್ಟಿದೆ. ಇದೇ ಕಾರಣಕ್ಕೆ ಹಳೆಯ ಖಾತೆ ಲೋಕಲ್ ಆಗಿದ್ದರೆ ಬೇರೆ ಅಡ್ಮಿನ್‌ನಿಂದ ಅದರ ಪಾಸ್‌ವರ್ಡ್ ಬಲವಂತವಾಗಿ ರೀಸೆಟ್ ಮಾಡಬೇಡಿ. ಇನ್ನೊಂದು, ಕನ್ನಡಿಗರಿಗೆ ಕಾಡುವುದು: ವಿಂಡೋಸ್ 10ರ 1809ನೆಯ ಆವೃತ್ತಿಯಿಂದ ಈಚೆಗೆ ಬರೀ ಇನ್‌ಸ್ಟಾಲ್ ಒತ್ತಿದ ಫಾಂಟುಗಳು ಆ ಒಬ್ಬ ಯೂಸರಿಗೆ ಮಾತ್ರ ಸೇರುತ್ತವೆ. ನುಡಿ, ಬರಹ ತಂತ್ರಾಂಶಗಳಲ್ಲಿ ಬರೆದ ಹಳೆಯ ಕಡತಗಳು ಹೊಸ ಖಾತೆಯಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಕಡತ ಕೆಟ್ಟಿಲ್ಲ. ಆಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್ ಒಳಗಿನ ಫಾಂಟ್ಸ್‌ನಿಂದ ಫಾಂಟ್ ತಂದು ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಕೊಡಿ.

ಹಳೆಯ ಖಾತೆಯನ್ನು ಕೆಲವು ವಾರ ಹಾಗೇ ಬಿಡಿ. ‘ಡಿಲೀಟ್ ಅಕೌಂಟ್ ಅಂಡ್ ಡೇಟಾ’ ಒತ್ತಿದರೆ ಖಾತೆಯ ಜೊತೆ ಆ ಫೋಲ್ಡರೂ ಹೋಗುತ್ತದೆ.