ಇಟಲಿಯ ಏರು: ಕುದುರೆಗೆ ಕಡಿದ ರಸ್ತೆ, ದನಕ್ಕೆ ಬಿದ್ದ ದಾರಿ

ಇಟಲಿಯ ಉತ್ತರ ತುದಿಯಲ್ಲಿ ಸ್ಟೆಲ್ವಿಯೊ ಅಂತ ಒಂದು ಘಟ್ಟ ಇದೆ. ಎತ್ತರ 2,757 ಮೀಟರ್. ಪ್ರಾಟೊ ಅನ್ನುವ ಊರಿನ ಕಡೆಯಿಂದ ಹತ್ತಿದರೆ 24 ಕಿಲೋಮೀಟರ್ ಏರು, 48 ಹೇರ್‌ಪಿನ್ ತಿರುವು. ಅದರ ದಕ್ಷಿಣಕ್ಕೆ ಮೊರ್ತಿರೊಲೊ ಅಂತ ಇನ್ನೊಂದು. ಎತ್ತರ 1,852 ಮೀಟರ್ ಅಷ್ಟೇ. ಮಾಟ್ಸೊ ಕಡೆಯಿಂದ ಹತ್ತಿದರೆ ಉದ್ದವೂ ಸ್ಟೆಲ್ವಿಯೊದ ಅರ್ಧ, 12.4 ಕಿಲೋಮೀಟರ್. ಈ ಅಂಕಿಗಳನ್ನು ನೋಡಿದರೆ ಸ್ಟೆಲ್ವಿಯೊಗೇ ಹೆದರಬೇಕು ಅಲ್ವಾ? ಆದರೆ ಸೈಕಲ್ಲಿನವರು ಹೆದರುವುದು ಮೊರ್ತಿರೊಲೊಗೆ.

ಇದಕ್ಕೆ ಕಾರಣ ಇನ್ನೊಂದು ಅಂಕಿ. ನೂರು ಮೀಟರ್ ಮುಂದೆ ಹೋದಾಗ ಎಷ್ಟು ಮೀಟರ್ ಮೇಲೆ ಹೋಗಿರುತ್ತೀರಿ ಅನ್ನುವ ಲೆಕ್ಕ. ಸ್ಟೆಲ್ವಿಯೊದಲ್ಲಿ ಅದು ಸರಾಸರಿ 7.4, ಮೊರ್ತಿರೊಲೊದಲ್ಲಿ 10.5. ಮೂರು ಮೀಟರಿನ ವ್ಯತ್ಯಾಸ, ಅಷ್ಟೇ. ಆದರೆ ಕಾಲಿಗೆ ಅದು ಬೇರೆಯೇ ಲೋಕ.

ಹಾಗಾದರೆ ಒಂದು ರಸ್ತೆ ಏಳಕ್ಕೆ ನಿಂತು ಇನ್ನೊಂದು ಹತ್ತು ದಾಟಿದ್ದು ಯಾಕೆ? ಬೆಟ್ಟ ಕಡಿದಾಗಿತ್ತು ಅನ್ನುವುದು ಪೂರ್ತಿ ಉತ್ತರ ಅಲ್ಲ. ಸ್ಟೆಲ್ವಿಯೊದ ಕೊನೆಯ ಭಾಗ ಮರ ಮುಗಿದ ಮೇಲೆ ಎದುರಿಗೇ ಕಾಣುತ್ತದೆ, ಗೋಡೆಯ ಹಾಗೆ ನಿಂತ ಬೆಟ್ಟ, ಅದರ ಮೇಲೆ ಮಡಚಿ ಮಡಚಿ ಇಟ್ಟ ರಸ್ತೆ. ಬೆಟ್ಟ ಎಷ್ಟೇ ಕಡಿದಾಗಿರಲಿ, ದುಡ್ಡು, ಕೆಲಸಗಾರರು, ತಾಳ್ಮೆ ಇದ್ದರೆ ರಸ್ತೆಯನ್ನು ಉದ್ದ ಮಾಡಿ ಏರನ್ನು ಇಳಿಸಬಹುದು. ಹಾಗಾಗಿ ನನ್ನ ಪ್ರಕಾರ ಇಟಲಿಯ ಯಾವ ಏರನ್ನು ನೋಡಿದರೂ ಮೊದಲು ಕೇಳಬೇಕಾದದ್ದು ಇದು: ಈ ದಾರಿ ಯಾರ ಕಾಲಿಗಾಗಿ ಆಯಿತು?

ಸ್ಟೆಲ್ವಿಯೊ ಆದದ್ದು ಕುದುರೆಯ ಕಾಲಿಗಾಗಿ. 1815ರಲ್ಲಿ ಮಿಲಾನ್ ಸುತ್ತಲಿನ ಲೊಂಬಾರ್ಡಿ ಆಸ್ಟ್ರಿಯಾದ ಕೈಗೆ ಬಂತು. ಅದನ್ನು ತಮ್ಮದೇ ಟಿರೋಲ್ ಪ್ರಾಂತ್ಯಕ್ಕೆ ಜೋಡಿಸುವ ಗಾಡಿರಸ್ತೆ ಬೇಕಾಯಿತು. ಕಾರ್ಲೊ ದೊನೆಗಾನಿ ಅನ್ನುವ ಎಂಜಿನಿಯರ್ 1820ರಿಂದ 1825ರ ನಡುವೆ ಅದನ್ನು ಕಟ್ಟಿ ಮುಗಿಸಿದರು. ಬುಲ್ಡೋಜರ್ ಇಲ್ಲ, ಡೈನಮೈಟ್ ಇನ್ನೂ ಹುಟ್ಟಿರಲಿಲ್ಲ, ಮದ್ದಿನ ಪುಡಿ ಮತ್ತು ಮನುಷ್ಯರ ತೋಳು ಅಷ್ಟೇ.

ಈಗ ಕುದುರೆಯ ಲೆಕ್ಕ ನೋಡಿ. ಗಂಟೆಗಟ್ಟಲೆ ಎಳೆಯಬೇಕಾದರೆ ಕುದುರೆ ತನ್ನ ತೂಕದ ಹತ್ತನೇ ಒಂದು ಪಾಲಿನಷ್ಟು ಬಲ ಹಾಕಬಲ್ಲದು ಅನ್ನುವುದು ಹಳೆಯ ಸ್ಥೂಲ ಲೆಕ್ಕ. ಆ ಬಲವನ್ನು ಹತ್ತು ಭಾಗ ಅಂದುಕೊಳ್ಳಿ. ಶೇಕಡ 7ರ ಏರಿನಲ್ಲಿ ಏಳು ಭಾಗ ಕುದುರೆಯ ಸ್ವಂತ ಮೈಯನ್ನು ಮೇಲಕ್ಕೆ ಒಯ್ಯುವುದಕ್ಕೇ ಖರ್ಚು. ಗಾಡಿಗೆ ಉಳಿಯುವುದು ಮೂರು. ಶೇಕಡ 10ರ ಏರಿಗೆ ಬಂದರೆ ಗಾಡಿಗೆ ಏನೂ ಉಳಿಯುವುದಿಲ್ಲ. ಸ್ವಲ್ಪ ದೂರ ಕುದುರೆ ಇನ್ನೂ ಜೋರಾಗಿ ಎಳೆದೀತು, ಜಾಸ್ತಿ ಕುದುರೆ ಕಟ್ಟಬಹುದು, ನಿಜ. ಆದರೆ 24 ಕಿಲೋಮೀಟರ್ ಹಾಗೆ ಎಳೆಸಲಾಗದು. ಆದ್ದರಿಂದ 1,800 ಮೀಟರ್ ಎತ್ತರವನ್ನು ಶೇಕಡ ಏಳೆಂಟರ ಆಸುಪಾಸಿನಲ್ಲಿ ಹತ್ತಬೇಕಾದರೆ ರಸ್ತೆ 24 ಕಿಲೋಮೀಟರ್ ಇರಲೇಬೇಕು. ಅಷ್ಟು ಉದ್ದದ ರಸ್ತೆ ಆ ಬೆಟ್ಟದ ಮೈಮೇಲೆ ಹಿಡಿಸಬೇಕಾದರೆ ಮಡಚಲೇಬೇಕು. 48 ತಿರುವು ಹುಟ್ಟಿದ್ದು ಹೀಗೆ. ಅದರ ಚಂದ ನೋಡಲು ಇವತ್ತು ಜಗತ್ತೆಲ್ಲ ಬರುತ್ತದೆ, ಆದರೆ ಆ ಚಂದದ ಕೆಳಗೆ ಇರುವುದು ಗಾಡಿ ಎಳೆಯುವ ಪ್ರಾಣಿಯ ತಾಕತ್ತು.

ಮೊರ್ತಿರೊಲೊಗೆ ಅಂಥ ಸಾಮ್ರಾಜ್ಯದ ದುಡ್ಡು ಸಿಗಲಿಲ್ಲ. ಕಣಿವೆಯ ಊರಿನವರು ಬೆಟ್ಟದ ಹುಲ್ಲುಗಾವಲಿಗೆ ಹೋಗಿಬರುತ್ತಿದ್ದ ಕಿರಿದಾದ ದಾರಿಯೇ ಮುಂದೆ ಡಾಂಬರು ಕಂಡಿದ್ದು. ದನಕ್ಕೂ ದನ ಕಾಯುವವನಿಗೂ ಗಾಡಿ ಎಳೆಯುವ ಚಿಂತೆ ಇಲ್ಲ, ನೇರ ದಾರಿ ಇದ್ದರೆ ಸಾಕು. ಹಾಗಾಗಿ ಶೇಕಡ 18ರವರೆಗೆ ಏರುವ ಜಾಗಗಳು ಉಳಿದುಕೊಂಡವು. ಇಟಲಿಯ ದೊಡ್ಡ ಸೈಕಲ್ ರೇಸ್ ಜಿರೊ ಶುರುವಾದದ್ದು 1909ರಲ್ಲಿ. ಅದು ಮೊರ್ತಿರೊಲೊಗೆ ಬಂದದ್ದು 1990ರಲ್ಲಿ. ಈಶಾನ್ಯದ ಜೊಂಕೊಲಾನ್ ಇನ್ನೂ ಕಡಿದು. ಒವಾರೊ ಊರಿನಿಂದ 10.1 ಕಿಲೋಮೀಟರ್, ಸರಾಸರಿ ಸುಮಾರು ಶೇಕಡ 11.9, ಕೆಲವು ಕಡೆ 20 ದಾಟುತ್ತದೆ.

ಈ ವ್ಯತ್ಯಾಸ ಸೈಕಲ್ ಮೇಲೆ ಹೇಗೆ ಗೊತ್ತಾಗುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಹಾಕೋಣ. ಸವಾರ, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 80 ಕಿಲೋ. ಕಾಲು ಸತತವಾಗಿ 200 ವಾಟ್ ಕೊಡುತ್ತಿದೆ ಅಂದುಕೊಳ್ಳಿ. ಚೆನ್ನಾಗಿ ಅಭ್ಯಾಸ ಮಾಡಿದ ಹವ್ಯಾಸಿಗೆ ಇದು ಸಾಧ್ಯ. ಸ್ಟೆಲ್ವಿಯೊದಲ್ಲಿ ವೇಗ ಗಂಟೆಗೆ ಸುಮಾರು 11 ಕಿಲೋಮೀಟರ್, ಜೊಂಕೊಲಾನ್‌ನಲ್ಲಿ ಏಳೂವರೆಗಿಂತ ಸ್ವಲ್ಪ ಕಡಿಮೆ. ಹೋಗಲಿ, ನಿಧಾನ ಹೋದರಾಯಿತು ಅನ್ನಬಹುದು. ಆದರೆ ತೊಂದರೆ ಇರುವುದು ಗೇರಿನಲ್ಲಿ. ಮುಂದೆ 34 ಹಲ್ಲು, ಹಿಂದೆ 34 ಹಲ್ಲು ಇದ್ದರೆ ಪೆಡಲ್ ಒಂದು ಸುತ್ತು ಬಂದಾಗ ಸೈಕಲ್ 2.1 ಮೀಟರ್ ಮುಂದೆ ಹೋಗುತ್ತದೆ. ಆ ಗೇರಿನಲ್ಲಿ ಸ್ಟೆಲ್ವಿಯೊದ ವೇಗಕ್ಕೆ ನಿಮಿಷಕ್ಕೆ 88 ಸುತ್ತು, ಜೊಂಕೊಲಾನ್‌ನ ವೇಗಕ್ಕೆ 58. ಶಕ್ತಿ ಅಷ್ಟೇ, ಸುತ್ತು ಕಡಿಮೆ. ಅಂದರೆ ಪ್ರತಿ ತುಳಿತಕ್ಕೂ ಒಂದೂವರೆ ಪಟ್ಟು ಬಲ ಬೇಕು. ಮೊದಲನೆಯದರಲ್ಲಿ ಸುಸ್ತಾಗುವುದು ಉಸಿರು, ಎರಡನೆಯದರಲ್ಲಿ ತೊಡೆ. ಅದಕ್ಕೇ ಇಂಥ ಜಾಗಕ್ಕೆ ಹೋಗುವವರು ಚಕ್ರ ಹಗುರ ಮಾಡಲು ದುಡ್ಡು ಸುರಿಯುವ ಬದಲು ಹಿಂದಿನ ಗೇರಿಗೆ ನಾಲ್ಕು ಹಲ್ಲು ಸೇರಿಸಿಕೊಂಡರೆ ಎಷ್ಟೋ ಒಳ್ಳೆಯದು. ಹಿಂದಿನ ಕಾಲದ ರೇಸಿನವರಿಗೆ ಆ ಅನುಕೂಲವೂ ಇರಲಿಲ್ಲ. ಹಿಂದಿನ ಚಕ್ರದ ಎರಡೂ ಬದಿಗೆ ಒಂದೊಂದು ಹಲ್ಲುಚಕ್ರ. ಬೆಟ್ಟದ ಬುಡಕ್ಕೆ ಬಂದಾಗ ಇಳಿದು, ಚಕ್ರ ಬಿಚ್ಚಿ, ತಿರುಗಿಸಿ ಹಾಕಿಕೊಂಡು ಮತ್ತೆ ಹತ್ತಬೇಕಿತ್ತು.

ಇನ್ನೊಂದು ಮಾತು. ಬಯಲಿನಲ್ಲಿ ಗಂಟೆಗೆ 36 ಕಿಲೋಮೀಟರ್ ಹೋಗುವಾಗ ಗಾಳಿಯನ್ನು ಸೀಳಲಿಕ್ಕೇ 200 ವಾಟ್‌ನಷ್ಟು ಬೇಕು, ಹಾಗಾಗಿ ಇನ್ನೊಬ್ಬರ ಬೆನ್ನ ಹಿಂದೆ ಅಡಗಿದರೆ ತುಂಬಾ ಉಳಿತಾಯ. ಜೊಂಕೊಲಾನ್‌ನ ವೇಗದಲ್ಲಿ ಗಾಳಿ ತಿನ್ನುವುದು ಒಂದೆರಡು ವಾಟ್. ಅಡಗಿ ಏನೂ ಸಿಗುವುದಿಲ್ಲ. ದೊಡ್ಡ ತಂಡ ಇದ್ದವನೂ ಅಲ್ಲಿ ಒಂಟಿ. ರೇಸುಗಳು ಬೆಟ್ಟದಲ್ಲಿ ತೀರ್ಮಾನ ಆಗುವುದು ಇದರಿಂದಲೇ. 1953ರಲ್ಲಿ ಜಿರೊ ಮೊದಲ ಸಲ ಸ್ಟೆಲ್ವಿಯೊ ಹತ್ತಿದಾಗ ಇಟಲಿಯ ಸವಾರ ಫೌಸ್ಟೊ ಕೊಪ್ಪಿ ಅಲ್ಲೇ ಎದುರಾಳಿ, ಸ್ವಿಟ್ಜರ್ಲೆಂಡಿನ ಹ್ಯೂಗೊ ಕೊಬ್ಲೆಟ್ ಅವರನ್ನು ಹಿಂದೆ ಹಾಕಿ ಜಿರೊ ಗೆದ್ದರು.

ತಿರುವಿನಲ್ಲೂ ಒಂದು ಗುಟ್ಟಿದೆ. ಒಂದು ಹೇರ್‌ಪಿನ್ ಒಳಗೆ ರಸ್ತೆ ಒಂದೂವರೆ ಮೀಟರ್ ಏರುತ್ತದೆ ಅಂದುಕೊಳ್ಳಿ. ಒಳಅಂಚಿನ ಅರ್ಧವೃತ್ತ 5 ಮೀಟರ್ ತ್ರಿಜ್ಯದ್ದಾದರೆ ದೂರ ಸುಮಾರು 16 ಮೀಟರ್; ಹೊರಅಂಚು 10 ಮೀಟರ್ ತ್ರಿಜ್ಯದ್ದಾದರೆ 31 ಮೀಟರ್. ಏರುವ ಎತ್ತರ ಎರಡಕ್ಕೂ ಒಂದೇ. ಅಂದರೆ ಒಳಗೆ ಶೇಕಡ 9ಕ್ಕಿಂತ ಜಾಸ್ತಿ, ಹೊರಗೆ 5ಕ್ಕಿಂತ ಕಡಿಮೆ. ಹತ್ತುವವರು ಹೊರಬದಿಯಲ್ಲಿ ಬಂದರೆ ಪ್ರತಿ ತಿರುವಿನಲ್ಲೂ ಕಾಲಿಗೆ ನಾಲ್ಕಾರು ಸೆಕೆಂಡ್ ಬಿಡುವು. ಎದುರಿಂದ ಬಸ್ ಬರುತ್ತಿಲ್ಲ ಅಂತ ನೋಡಿಕೊಂಡೇ ಮಾಡಬೇಕು, ಆ ಬಸ್ಸುಗಳಿಗೆ ತಿರುಗಲು ಇಡೀ ರಸ್ತೆ ಬೇಕು.

ಈಶಾನ್ಯ ಇಟಲಿಯ ಡೊಲೊಮೈಟ್ ಬೆಟ್ಟಗಳ ಕತೆ ಬೇರೆ. ಅಲ್ಲಿ ಕುದುರೆಗಿಂತ ಮುಂಚೆ ಕಲ್ಲೇ ಅರ್ಧ ಕೆಲಸ ಮಾಡಿಟ್ಟಿತ್ತು. ಸುಮಾರು ಇಪ್ಪತ್ತಮೂರು ಕೋಟಿ ವರ್ಷಗಳ ಹಿಂದೆ ಅದು ಬೆಚ್ಚಗಿನ ಆಳವಿಲ್ಲದ ಸಮುದ್ರ. ಅಲ್ಲಿ ಬೆಳೆದ ಸುಣ್ಣದ ದಿಬ್ಬಗಳೇ ಗಟ್ಟಿ ಡೊಲೊಮೈಟ್ ಕಲ್ಲಾಗಿ ಇವತ್ತು ಲಂಬವಾಗಿ ನಿಂತ ಬಂಡೆಗಳು. ದಿಬ್ಬಗಳ ನಡುವಿನ ತಗ್ಗಿನಲ್ಲಿ ತುಂಬಿದ್ದು ಜ್ವಾಲಾಮುಖಿಯ ಬೂದಿ, ಕೆಸರು. ಆಲ್ಪ್ಸ್ ಮೇಲೆದ್ದಾಗ ಎರಡೂ ಮೇಲೆ ಬಂದವು, ಆಮೇಲೆ ಮೆತ್ತಗಿನದು ಬೇಗ ಸವೆಯಿತು. ಆ ಸವೆದ ಜಾಗಗಳೇ ಈಗಿನ ಹುಲ್ಲುಗಾವಲು, ಘಟ್ಟದ ದಾರಿ. ಸೆಲ್ಲಾ ಅನ್ನುವ ಬಂಡೆಯ ಗುಡ್ಡದ ಸುತ್ತ ಹೀಗೆ ಪೊರ್ದೊಯಿ, ಸೆಲ್ಲಾ, ಗಾರ್ಡೆನಾ, ಕಾಂಪೊಲೊಂಗೊ ಅಂತ ನಾಲ್ಕು ಘಟ್ಟ ಇವೆ. ನಾಲ್ಕನ್ನೂ ಸುತ್ತಿ ಹೊರಟಲ್ಲಿಗೇ ಬಂದರೆ ಸುಮಾರು 55 ಕಿಲೋಮೀಟರ್, 1,600 ಮೀಟರಿಗೂ ಜಾಸ್ತಿ ಏರು. ಪೊರ್ದೊಯಿ ದಾರಿ 1909ರಲ್ಲಿ ಮುಗಿದ ದೊಡ್ಡ ಡೊಲೊಮೈಟ್ ರಸ್ತೆಯ ಭಾಗ, ಬೊಲ್ಜಾನೊದಿಂದ ಕೊರ್ತಿನಾವರೆಗೆ ಪ್ರವಾಸಿಗರನ್ನು ಕರೆದೊಯ್ಯಲು ಮಾಡಿದ್ದು. ಅರಾಬ್ಬಾದಿಂದ 9 ಕಿಲೋಮೀಟರ್, 33 ತಿರುವು, ಸರಾಸರಿ ಶೇಕಡ 7ಕ್ಕೆ ಹತ್ತಿರ. ಪ್ರವಾಸಿಗರಿಗಾಗಿ ಮಾಡಿದ್ದು ಅಂತ ಕಾಲಿಗೂ ಗೊತ್ತಾಗುತ್ತದೆ, ಎಲ್ಲೂ ಏಕಾಏಕಿ ಕೈಕೊಡುವುದಿಲ್ಲ.

ಮಧ್ಯ ಇಟಲಿಯ ಟಸ್ಕನಿ ಇದಕ್ಕೆ ತದ್ವಿರುದ್ಧ. ಸಿಯೆನಾದ ದಕ್ಷಿಣದಲ್ಲಿ ಹಳೆಯ ಸಮುದ್ರದ ಜೇಡಿಮಣ್ಣಿನ ಗುಡ್ಡಗಳು. ಮಳೆಗೆ ಜೇಡಿ ಕುಸಿಯುತ್ತದೆ, ಅದಕ್ಕೆ ಊರೂ ದಾರಿಯೂ ಹೆಚ್ಚಾಗಿ ದಿಣ್ಣೆಯ ನೆತ್ತಿ ಹಿಡಿದವು. ಒಂದು ನೆತ್ತಿಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ಸುಮ್ನೆ ಇಳಿದು ಹತ್ತುವುದು. ಒಂದು ಕಿಲೋಮೀಟರೂ ಇಲ್ಲದ ಏರು, ಆದರೆ ಶೇಕಡ 15, ಅದೂ ಬಿಳಿ ಜಲ್ಲಿಯ ಮೇಲೆ. ಎದ್ದು ನಿಂತು ತುಳಿದರೆ ಹಿಂದಿನ ಚಕ್ರದ ಮೇಲಿನ ಭಾರ ತಪ್ಪಿ ಜಾರುತ್ತದೆ, ಕೂತೇ ತುಳಿದರೆ ತೊಡೆ ಉರಿಯುತ್ತದೆ. ದೊಡ್ಡ ಘಟ್ಟದಲ್ಲಿ ಒಂದು ಲಯ ಸಿಗುತ್ತದೆ, ಇಲ್ಲಿ ಅದು ಸಿಗುವುದೇ ಇಲ್ಲ. ಎತ್ತರ ನೋಡಿ ಟಸ್ಕನಿಯನ್ನು ಸುಲಭ ಅಂದುಕೊಳ್ಳಬೇಡಿ.

ಹತ್ತಿದ್ದನ್ನು ಇಳಿಯಬೇಕಲ್ಲ, ಅದರ ಭೌತಶಾಸ್ತ್ರ ಇನ್ನೂ ಕಠಿಣ. 80 ಕಿಲೋ ಭಾರವನ್ನು ಸ್ಟೆಲ್ವಿಯೊದ 1,800 ಮೀಟರ್ ಮೇಲೆ ಒಯ್ಯಲು 14 ಲಕ್ಷ ಜೂಲ್ ಬೇಕು. 4 ಲೀಟರ್ ತಣ್ಣೀರು ಕುದಿಯಲು ಸಾಕಾಗುವಷ್ಟು. ಇಳಿಯುವಾಗ ಅದೆಲ್ಲ ಗಾಳಿಗೂ ಬ್ರೇಕಿಗೂ ಹೋಗಬೇಕು. ನಿಧಾನಕ್ಕೆ ಇಳಿಯೋಣ ಅಂತ ಬ್ರೇಕನ್ನು ಸದಾ ಒತ್ತಿ ಹಿಡಿದರೆ ಗಾಳಿಯ ಪಾಲು ಕಡಿಮೆಯಾಗಿ ಬ್ರೇಕಿನ ಪಾಲು ಜಾಸ್ತಿ ಆಗುತ್ತದೆ, ರಿಮ್ ಸುಡುತ್ತದೆ. ನೇರ ರಸ್ತೆಯಲ್ಲಿ ಎದೆ ಎತ್ತಿ ಕೂತು ಗಾಳಿಗೆ ಮೈ ಕೊಡಿ, ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ ಬಿಟ್ಟುಬಿಡಿ.

ಮತ್ತೆ ಚಳಿ. ಪ್ರತಿ ಸಾವಿರ ಮೀಟರಿಗೆ ಆರೇಳು ಡಿಗ್ರಿ ಇಳಿಯುತ್ತದೆ, ಹಾಗಾಗಿ ಪ್ರಾಟೊದಲ್ಲಿ 22 ಇದ್ದರೆ ಸ್ಟೆಲ್ವಿಯೊ ನೆತ್ತಿಯಲ್ಲಿ 10. ಹತ್ತುವಾಗ ಬೆವರಿದ ಬಟ್ಟೆ, ಇಳಿಯುವಾಗ ಗಂಟೆಗೆ 50ರ ಗಾಳಿ, ಕಾಲಿಗೆ ಕೆಲಸ ಇಲ್ಲ. 1988ರ ಜೂನ್ 5ರಂದು ಜಿರೊ ಗಾವಿಯಾ ಘಟ್ಟ ದಾಟುವಾಗ ಹಿಮ ಸುರಿಯಿತು. ಹತ್ತುವುದು ಹೇಗೋ ಆಯಿತು, ಸವಾರರನ್ನು ಮುರಿದದ್ದು ಇಳಿಜಾರು. ಅಮೆರಿಕದ ಆಂಡಿ ಹ್ಯಾಂಪ್ಸ್ಟನ್ ಅವತ್ತು ಜಿರೊದಲ್ಲಿ ಮುಂದಿರುವವನಿಗೆ ಸಿಗುವ ಗುಲಾಬಿ ಜೆರ್ಸಿ ತೊಟ್ಟು ಕೊನೆಗೆ ರೇಸನ್ನೂ ಗೆದ್ದರು. ಹಳೆಯ ಕಾಲದವರು ನೆತ್ತಿಯಲ್ಲಿ ಅಭಿಮಾನಿಗಳ ಕೈಯಿಂದ ದಿನಪತ್ರಿಕೆ ಇಸಿದುಕೊಂಡು ಜೆರ್ಸಿಯೊಳಗೆ ಎದೆಗೆ ತುರುಕಿಕೊಳ್ಳುತ್ತಿದ್ದರು. ಕಾಗದದ ಪದರಗಳ ನಡುವೆ ನಿಂತ ಗಾಳಿ ಮೈಬಿಸಿ ಹೋಗದಂತೆ ತಡೆಯುತ್ತದೆ, ಇವತ್ತಿಗೂ ಕೆಲಸ ಮಾಡುವ ಉಪಾಯ.

ಮೊದಲ ಸಲ ಹೋಗುವವರು ಪೊರ್ದೊಯಿಯಿಂದ ಶುರು ಮಾಡಿ, ಅಲ್ಲಿ ಮೈ ಒಗ್ಗಿದ ಮೇಲೆ ಸ್ಟೆಲ್ವಿಯೊ. ಚಳಿಗಾಲದಲ್ಲಿ ಸ್ಟೆಲ್ವಿಯೊ ಮುಚ್ಚಿರುತ್ತದೆ, ಜೂನ್ ಕೊನೆಯಿಂದ ಸೆಪ್ಟೆಂಬರ್ ಒಳಗೆ ಹೋಗಿ. ನೆತ್ತಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ, ಹಾಗಾಗಿ ಕೊನೆಯ 5 ಕಿಲೋಮೀಟರಿಗೆ ಉಸಿರು ಉಳಿಸಿಕೊಂಡು ಹತ್ತಿ. ಮೊರ್ತಿರೊಲೊ ಮುಂದಿನ ವರ್ಷಕ್ಕಿರಲಿ.